ಕ್ಲೀನ್, ಆಟೋರಿಮೂವ್, ಕೈಯಾರೆ ತೆಗೆಯೋದು: ಮೂರನ್ನೂ ಮಾಡಿ ನೋಡಿದೆ

ಚಿಕ್ಕಮಗಳೂರಿನ ಒಂದು ಕಾಫಿಪುಡಿ ಅಂಗಡಿಯ ಬಿಲ್ಲಿಂಗ್ ಸರ್ವರ್ ನೋಡಿಕೊಳ್ಳುತ್ತೇನೆ. ನಾನಿರುವುದು ಹಾಸನದಲ್ಲಿ. ಸರ್ವರ್ ಅಂದರೆ ಗಲ್ಲಾ ಹಿಂದೆ ವೈಫೈ ಮೇಲೆ ಓಡುವ ಹಳೇ ಪಿಸಿ, 32 ಜಿಬಿ ಡಿಸ್ಕ್, ಅದರ ಮೇಲೆ ಡೆಬಿಯನ್ 12 ಎಂಬ ಲಿನಕ್ಸ್. ಒಂದು ಬೆಳಗ್ಗೆ ಬಿಲ್ ಬರೋದು ನಿಂತಿತು. ಡಿಸ್ಕಿನ ಜಾಗ ತೋರಿಸುವ ಡಿಎಫ್ ಕಮಾಂಡ್ ಹೊಡೆದರೆ ಡಿಸ್ಕ್ ಪೂರ್ತಿ ತುಂಬಿದೆ. ಜಾಗ ಬಿಡಿಸಲು ಮೂರು ದಾರಿ ಹಿಡಿದೆ.

ಮೊದಲು ಆಪ್ಟ್ ಕ್ಲೀನ್. ಆಪ್ಟ್ ಅಂದರೆ ಡೆಬಿಯನ್‌ನಲ್ಲಿ ಪ್ಯಾಕೇಜ್, ಅಂದರೆ ಸಾಫ್ಟ್‌ವೇರ್ ಕಟ್ಟು, ಹಾಕುವ, ತೆಗೆಯುವ ಕಮಾಂಡ್. ಇದು ಯಾವ ಪ್ಯಾಕೇಜನ್ನೂ ಮುಟ್ಟುವುದಿಲ್ಲ, ಪ್ಯಾಕೇಜ್ ಹಾಕಲು ಇಳಿಸಿಕೊಂಡಿದ್ದ ಡೆಬ್ ಫೈಲುಗಳನ್ನಷ್ಟೇ ಅಳಿಸುತ್ತದೆ. ಆಪ್ಟ್‌ನ ಹಳೇ ರೂಪವಾದ ಆಪ್ಟ್-ಗೆಟ್ ಬಳಸುವವರಿಗೆ ಆ ಫೈಲುಗಳು ಸುಮ್ನೆ ಉಳಿದುಬಿಡುತ್ತವೆ. 1.4 ಜಿಬಿ ಸಿಕ್ಕಿತು, ಬಿಲ್ ಓಡಿತು. ಭಯವಿಲ್ಲದ ಕೆಲಸ. ಆದರೆ ಒಂದು ಸಲ ಮಾಡಿದ ಮೇಲೆ ಮತ್ತೆ ಮಾಡಲು ಏನೂ ಉಳಿಯುವುದಿಲ್ಲ.

ಆಮೇಲೆ ಕೈಯಾರೆ. ಪ್ಯಾಕೇಜುಗಳ ವಿವರ ಕೊಡುವ ಡಿಪಿಕೆಜಿ-ಕ್ವೆರಿಯಲ್ಲಿ ಇನ್‌ಸ್ಟಾಲ್ಡ್-ಸೈಜ್, ಅಂದರೆ ಒಂದೊಂದು ಹಿಡಿದಿರುವ ಜಾಗ, ಕೇಳಿ, ದೊಡ್ಡದು ಕೆಳಗೆ ಬರುವಂತೆ ಸಾರ್ಟ್ ಮಾಡಿದೆ. ಲೆಕ್ಕ ಕೆಬಿಯಲ್ಲಿ ಬರುತ್ತದೆ. ಡೇಟಾ ಇದರಲ್ಲಿ ಸೇರುವುದಿಲ್ಲ, ಪ್ಯಾಕೇಜ್ ತಂದ ಫೈಲುಗಳಷ್ಟೇ. ನೋಡಿದರೆ ಲಿಬ್ರೆ ಆಫೀಸ್, ಡೆಸ್ಕ್‌ಟಾಪ್ ತೋರಿಸುವ ಗ್ನೋಮ್ ಶೆಲ್! ಮಾನಿಟರೇ ಇಲ್ಲದ ಪಿಸಿಗೆ ಡೆಸ್ಕ್‌ಟಾಪ್ ಯಾಕೆ ಅಲ್ವಾ? ಅರ್ಧ ಗಂಟೆ ಹಿಡಿಯಿತು, ಒಂದೊಂದು ಹೆಸರೂ ಏನೆಂದು ನೋಡಬೇಕು. ಎರಡನ್ನೂ ತೆಗೆದೆ. ಸಿಕ್ಕ ಜಾಗ 1 ಜಿಬಿಗೂ ಕಡಿಮೆ. ಅವುಗಳ ಜೊತೆ ಬಂದ ಬಳಗವೆಲ್ಲ ಹಾಗೇ ಕೂತಿತ್ತು.

ಆ ಬಳಗವನ್ನು ಗುಡಿಸುವುದು ಆಟೋರಿಮೂವ್. ಬೇರೆ ಪ್ಯಾಕೇಜಿನ ಜೊತೆ ತಾನಾಗಿ ಬಂದು, ಈಗ ಯಾರಿಗೂ ಬೇಡವಾದದ್ದನ್ನು ತೆಗೆಯುತ್ತದೆ. ಹಳೇ ಕರ್ನಲ್‌ಗಳೂ (ಲಿನಕ್ಸಿನ ತಿರುಳು) ಹೋಗುತ್ತವೆ, ಒಂದೊಂದು ಹತ್ತಿರ ಹತ್ತಿರ 400 ಎಂಬಿ. ದೂರದ ಪಿಸಿಗೆ ನೆಟ್ ಮೂಲಕ ಕಮಾಂಡ್ ಕೊಡುವ ಎಸ್‌ಎಸ್‌ಎಚ್‌ನಲ್ಲಿ ಹಾಸನದಿಂದಲೇ ಹೊಡೆದೆ. ಪಟ್ಟಿ ಉದ್ದವಿತ್ತು, ಓದಲಿಲ್ಲ, ವೈ ಒತ್ತಿದೆ. ನಡುವೆ ಸ್ಕ್ರೀನ್ ಅಲ್ಲೇ ನಿಂತಿತು. ಐದು ನಿಮಿಷಕ್ಕೆ ಫೋನ್: "ಸಾರ್, ಮತ್ತೆ ನಿಂತೋಯ್ತಲ್ಲ!"

ಗ್ನೋಮ್ ಜೊತೆ ಬಂದಿದ್ದ ನೆಟ್‌ವರ್ಕ್ ಮ್ಯಾನೇಜರ್ ಕೂಡ ಆ ಪಟ್ಟಿಯಲ್ಲಿತ್ತು. ಅಂಗಡಿಯ ವೈಫೈ ಪೂರ್ತಿ ಅದರ ಕೈಯಲ್ಲೇ. ಬೇಲೂರು ದಾರಿಯಲ್ಲಿ 60 ಚಿಲ್ಲರೆ ಕಿಲೋಮೀಟರ್ ಹೋದೆ, ಕೀಬೋರ್ಡ್, ಮಾನಿಟರ್ ಕಾರಲ್ಲಿ ಹಾಕಿಕೊಂಡು. ನೆಟ್ ಇಲ್ಲದೆ ನೆಟ್ ತರುವ ಪ್ಯಾಕೇಜ್ ಇಳಿಸುವುದು ಹೇಗೆ? ಮೊಬೈಲನ್ನು ಯುಎಸ್‌ಬಿಗೆ ಚುಚ್ಚಿ ಅದರ ನೆಟ್ ಕೊಟ್ಟೆ. ನೆಟ್‌ವರ್ಕ್ ಮ್ಯಾನೇಜರ್ ವಾಪಸ್ ಹಾಕಿ, ಆಪ್ಟ್-ಮಾರ್ಕ್ ಮ್ಯಾನ್ಯುಯಲ್ ಅಂತ, ಅಂದರೆ ನಾನೇ ಬೇಕೆಂದು ಹಾಕಿದ್ದು ಅಂತ, ಗುರುತು ಹಾಕಿದೆ. ಇನ್ನು ಆಟೋರಿಮೂವ್ ಅದನ್ನು ಮುಟ್ಟುವುದಿಲ್ಲ.

ಜಾಗದ ಲೆಕ್ಕದಲ್ಲಿ ಗೆದ್ದದ್ದು ಆಟೋರಿಮೂವ್ ಅನ್ನಿ, 2.6 ಜಿಬಿ. ಆದರೆ ಕೈಯಾರೆ ಗ್ನೋಮ್ ತೆಗೆಯದಿದ್ದರೆ ಅದಕ್ಕೆ ಸಿಗುತ್ತಿದ್ದದ್ದು ಹಳೇ ಕರ್ನಲ್ ಎರಡೇ. ನನ್ನ ಓಟು ಕೈಯಾರೆಗೆ. ಆಟೋರಿಮೂವ್ ಅದರ ಹಿಂದೆ ಬರಲಿ, ಅದೂ ಮೊದಲು ಆಪ್ಟ್-ಗೆಟ್‌ಗೆ ಹೈಫನ್ ಎಸ್ ಸೇರಿಸಿ, ಏನನ್ನೂ ತೆಗೆಯದೆ ಪಟ್ಟಿಯಷ್ಟೇ ತೋರಿಸುವ ಒಣ ಓಟ ಓಡಿಸಿ, ಪಟ್ಟಿ ಪೂರ್ತಿ ಓದಿದ ಮೇಲೆ.

ಬಳಸದ ಪೋಸ್ಟ್‌ಗ್ರೆಸ್ ಡೇಟಾಬೇಸ್ ಒಂದಿತ್ತು, ಅದಕ್ಕೆ ರಿಮೂವ್ ಬದಲು, ಸೆಟ್ಟಿಂಗ್ ಫೈಲುಗಳನ್ನೂ ಅಳಿಸುವ ಪರ್ಜ್ ಹಾಕಿದೆ. ಡೇಟಾ ಫೋಲ್ಡರೂ ಅಳಿಸಲಾ ಎಂದು ಕೇಳಿತು. ಯಾವ ಕಾಲದ ಸಾಲದ ಲೆಕ್ಕ ಅದರಲ್ಲಿದೆಯೋ, ಬೇಡ ಅಂದೆ. 200 ಎಂಬಿ ಅಲ್ಲೇ ಕೂತಿದೆ.