ಓಮ್ ಸರಿಯಾಗಿತ್ತು, ವ್ಯಾಟ್ ನೋಡಿರಲಿಲ್ಲ

ಮಗಳು ಮಲಗಿದ್ದ ಕೋಣೆಯಿಂದ ಸುಟ್ಟ ವಾಸನೆ ಬಂತು. ಓಡಿ ಹೋಗಿ ನೋಡಿದರೆ ಆಂಪ್ಲಿಫೈಯರ್ ಹಿಂದೆ ಹೊಗೆ. ಅದನ್ನು ತಣ್ಣಗಿಡಲು ಅಲ್ಲೊಂದು ಪುಟ್ಟ ಫ್ಯಾನ್ ಜೋಡಿಸಿ ನಾನು ಹೊರಗೆ ಬಂದು ಐದು ನಿಮಿಷವೂ ಆಗಿರಲಿಲ್ಲ. ಪ್ಲಗ್ ಕಿತ್ತೆ. ಮರದ ಹಲಗೆಯ ಮೇಲೆ ಬೆರಳಗಲ ಕರಕಲು. ಅಲ್ಲಿಂದ ಗೇಣು ದೂರದಲ್ಲಿ ಕಿಟಕಿಯ ಪರದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಂಥ ಸಣ್ಣಪುಟ್ಟ ಕೆಲಸ ಮನೆಯಲ್ಲೇ ಮಾಡಿಕೊಳ್ಳುವವರು ದಯವಿಟ್ಟು ಇದನ್ನು ಓದಿ.

ಫ್ಯಾನ್ 6 ವೋಲ್ಟಿನದು, ತಿರುಗುವಾಗ 0.3 ಆಂಪಿಯರ್ ಎಳೆಯುತ್ತದೆ. ನನ್ನ ಹತ್ತಿರ ಇದ್ದದ್ದು 12 ವೋಲ್ಟಿನ ಅಡಾಪ್ಟರ್. ಜಾಸ್ತಿ ಇರುವ 6 ವೋಲ್ಟನ್ನು ನಡುವೆ ಒಂದು ರೆಸಿಸ್ಟರ್ (ಕರೆಂಟಿಗೆ ಅಡ್ಡಿ ಮಾಡುವ ಪುಟ್ಟ ಬಿಡಿಭಾಗ) ಹಾಕಿ ಇಳಿಸೋಣ ಎಂದುಕೊಂಡೆ. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ಓಮ್, ಅಂದರೆ ಆ ಅಡ್ಡಿಯ ಅಳತೆ. 6 ÷ 0.3 = 20 ಓಮ್. ಡಬ್ಬಿಯಲ್ಲಿ ಕೆಂಪು, ಕಪ್ಪು, ಕಪ್ಪು ಪಟ್ಟಿಯ, ಅಂದರೆ 20 ಓಮಿನ ರೆಸಿಸ್ಟರ್ ಸಿಕ್ಕಿತು. ಮೀಟರ್ ಇಟ್ಟರೂ 20 ತೋರಿಸಿತು. ಬೆಸುಗೆ ಹಾಕಿ ಟೇಪ್ ಸುತ್ತಿದೆ. ಫ್ಯಾನ್ ಚೆನ್ನಾಗಿಯೇ ತಿರುಗಿತು.

ಲೆಕ್ಕ ತಪ್ಪಿರಲಿಲ್ಲ, ಅರ್ಧಕ್ಕೇ ನಿಲ್ಲಿಸಿದ್ದೆ. ಅದೇ ವೋಲ್ಟನ್ನು ಅದೇ ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. 6 × 0.3 = 1.8 ವ್ಯಾಟ್. ಅಷ್ಟೂ ಬಿಸಿಯಾಗಿ ಹೊರಗೆ ಬರಬೇಕು. ನಾನು ಹಾಕಿದ್ದು ಕಾಲು ವ್ಯಾಟಿನ ರೆಸಿಸ್ಟರ್. ತಡೆಯುವುದಕ್ಕಿಂತ ಏಳು ಪಟ್ಟು ಭಾರ ಅದರ ಮೇಲೆ ಬಿತ್ತು. ಟೇಪ್ ಸುತ್ತಿದ್ದರಿಂದ ಆ ಬಿಸಿ ಹೊರಗೆ ಹೋಗಲೂ ದಾರಿ ಇರಲಿಲ್ಲ.

ಬಣ್ಣದ ಪಟ್ಟಿಗಳು ಓಮ್ ಹೇಳುತ್ತವೆ, ವ್ಯಾಟ್ ಹೇಳುವುದಿಲ್ಲ. ಮೀಟರೂ ಅಷ್ಟೇ. ಎಷ್ಟು ವ್ಯಾಟ್ ತಡೆಯುತ್ತದೆ ಅನ್ನುವುದನ್ನು ರೆಸಿಸ್ಟರಿನ ಗಾತ್ರ ನೋಡಿ ಅಂದಾಜು ಮಾಡಬೇಕು, ಇಲ್ಲವೇ ಕೊಳ್ಳುವಾಗ ಕೇಳಿ ತಿಳಿದುಕೊಳ್ಳಬೇಕು.

ಇನ್ನೊಂದು ವಿಷಯ. 20 ಓಮಿನ ಕಾಲು ವ್ಯಾಟ್ ರೆಸಿಸ್ಟರ್ ಸುಮಾರು 0.11 ಆಂಪಿಯರ್‌ವರೆಗೆ ತಾಳುತ್ತದೆ. ನಾನು ಹರಿಸಿದ ಕರೆಂಟ್ ಅದರ ಮೂರು ಪಟ್ಟೂ ಇರಲಿಲ್ಲ. ಆದರೂ ಬಿಸಿ ಏಳು ಪಟ್ಟು ಏರಿತು. ಬಿಸಿ ಏರುವುದು ಕರೆಂಟಿನ ವರ್ಗಕ್ಕೆ ತಕ್ಕಂತೆ. ಕರೆಂಟ್ ದುಪ್ಪಟ್ಟಾದರೆ ಬಿಸಿ ನಾಲ್ಕು ಪಟ್ಟು.

ಹಾಗಾದರೆ 2 ವ್ಯಾಟಿನದು ಸಾಕು ಅಲ್ವಾ ಅಂತ ಕೇಳಬಹುದು. ಸಾಲದು. ಫ್ಯಾನಿಗೆ ದಾರ ಸುತ್ತಿಕೊಂಡು ನಿಂತುಹೋಯಿತು ಅಂತ ಇಟ್ಟುಕೊಳ್ಳಿ. ನಿಂತ ಮೋಟಾರು ತಿರುಗುವ ಮೋಟಾರಿಗಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ. ಒಳಗೇ ಶಾರ್ಟ್ ಆದರಂತೂ 12 ವೋಲ್ಟೂ ರೆಸಿಸ್ಟರಿನ ಮೇಲೇ ಬೀಳುತ್ತದೆ. ಆಗ 12 × 12 ÷ 20, ಅಂದರೆ 7.2 ವ್ಯಾಟ್. ನಾನಾದರೆ ಈಗ 10 ವ್ಯಾಟಿನ ಸೆರಾಮಿಕ್ ರೆಸಿಸ್ಟರನ್ನೇ ಹಾಕುತ್ತೇನೆ. ಮರಕ್ಕೆ, ಬಟ್ಟೆಗೆ ತಾಗದಂತೆ ಗಾಳಿಯಲ್ಲಿ ನಿಲ್ಲಿಸಿ, ಜೊತೆಗೆ ಒಂದು ಫ್ಯೂಸ್ ಇಟ್ಟು.

ನಿಜ ಹೇಳಬೇಕೆಂದರೆ ಈ ಕೆಲಸಕ್ಕೆ ರೆಸಿಸ್ಟರೇ ಬೇಡ. ಅಡಾಪ್ಟರ್ ಕೊಡುವ 3.6 ವ್ಯಾಟಿನಲ್ಲಿ ಅರ್ಧ ಸುಮ್ನೆ ಬಿಸಿಯಾಗಿ ಹೋಗುತ್ತದೆ. ನಾನು ಅದನ್ನು ತೆಗೆದು 6 ವೋಲ್ಟಿನ ಅಡಾಪ್ಟರನ್ನೇ ತಂದು ಹಾಕಿದೆ.

ನಿಮ್ಮ ಮನೆಯಲ್ಲೂ ಟೇಪ್ ಸುತ್ತಿದ ರೆಸಿಸ್ಟರ್ ಎಲ್ಲಾದರೂ ಇದ್ದರೆ ಇವತ್ತೇ ಪ್ಲಗ್ ತೆಗೆದು, ಆರಲು ಬಿಟ್ಟು, ಬಿಚ್ಚಿ ನೋಡಿ. ಟೇಪ್ ಕಂದಿದ್ದರೆ ಮತ್ತೆ ಪ್ಲಗ್ ಹಾಕಬೇಡಿ.