ಟಿವಿ ಪರದೆ ಹೋದರೆ ರಿಪೇರಿ ಮಾಡಿಸಬೇಕಾ, ಬಿಡಬೇಕಾ? 43 ಇಂಚಿನ ಎಲ್‌ಇಡಿ ಟಿವಿ ಆರು ವರ್ಷ ಬಳಸಿದ ಮೇಲೆ

ಒಂದೇ ಟಿವಿ, ಎರಡು ಸಲ ಪರದೆ ಕೈಕೊಟ್ಟಿತು. ಮೊದಲ ಸಲ ರಿಪೇರಿ ಮಾಡಿಸಿದೆವು, ಎರಡನೇ ಸಲ ಬೇಡ ಅಂದೆವು. ಎರಡೂ ಸರಿಯಾಗಿಯೇ ಆಯಿತು. ಸ್ಕ್ರೀನ್ ಹೋಗಿದೆ ಅಂದ ಕೂಡಲೇ ಹೊಸದು ತಗೊಳ್ಳಿ ಅನ್ನುವವರೇ ಜಾಸ್ತಿ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2019ರಲ್ಲಿ 29,000 ರೂಪಾಯಿ ಕೊಟ್ಟು ತಂದ ಟಿವಿ ಇದು. ಬಣ್ಣ ಚೆನ್ನಾಗಿತ್ತು, ಸೌಂಡ್ ಮೊದಲಿನಿಂದಲೂ ಸುಮಾರು. ಒಳಗಿನ ಆಪ್‌ಗಳು ವರ್ಷ ಕಳೆದಂತೆ ತುಂಬಾ ನಿಧಾನವಾದವು, ಸೆಟ್ ಟಾಪ್ ಬಾಕ್ಸ್ ಮತ್ತು ಆಪ್‌ಗಳನ್ನು ನಡೆಸುವ ಒಂದು ಸ್ಟಿಕ್ ಹಾಕಿಕೊಂಡು ನಡೆಸಿದೆವು.

ವಾರಂಟಿ ಮುಗಿದ ಮೇಲೆ ಒಂದು ಸಂಜೆ ಸೌಂಡ್ ಬರುತ್ತಿದೆ, ಚಿತ್ರವೇ ಇಲ್ಲ. ಸರ್ವಿಸ್ ಸೆಂಟರಿನಿಂದ ಬಂದವರು ಹಿಂದಿನ ಕವರ್ ಕೂಡ ಬಿಚ್ಚದೆ ಪ್ಯಾನೆಲ್ (ಚಿತ್ರ ಮೂಡಿಸುವ ಪರದೆ) ಹೋಗಿದೆ, 18,500 ಆಗುತ್ತೆ ಅಂದರು. ಅಪ್ಪ ಸುಮ್ಮನಾಗಲಿಲ್ಲ, ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆಸಿದರು. ಅವರು ರೂಮಿನ ಲೈಟ್ ಆರಿಸಿ, ಟಿವಿ ಆನ್ ಇರುವಾಗಲೇ ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ ಓರೆಯಾಗಿ ಹಿಡಿದರು. ವಾರ್ತೆ ಓದುವವರ ಮುಖ ಮಸುಕಾಗಿ ಕಾಣಿಸಿತು! "ನೋಡಿ ಯಜಮಾನ್ರೇ, ಚಿತ್ರ ಬರ್ತಿದೆ, ಹಿಂದೆ ಬೆಳಕಿಲ್ಲ ಅಷ್ಟೇ" ಅಂದರು.

ಪರದೆಯ ಗಾಜಿಗೆ ಸ್ವಂತ ಬೆಳಕಿಲ್ಲ. ಹಿಂದೆ ಎಲ್‌ಇಡಿ ಪಟ್ಟಿಗಳಿರುತ್ತವೆ, ಅದೇ ಬ್ಯಾಕ್‌ಲೈಟ್. ಹಬ್ಬಕ್ಕೆ ಹಾಕುವ ಸೀರಿಯಲ್ ಸೆಟ್ ಥರ ಒಂದಕ್ಕೊಂದು ಸೇರಿಸಿರುತ್ತಾರೆ, ಒಂದು ಬಲ್ಬ್ ಸುಟ್ಟರೂ ಇಡೀ ಸಾಲು ಆರುತ್ತದೆ. ಸುಟ್ಟ ಬಲ್ಬ್ ಒಂದನ್ನೇ ಬದಲಿಸಿದರೆ ಕಮ್ಮಿಯಲ್ಲಿ ಮುಗಿಯುತ್ತದೆ ನಿಜ, ಆದರೆ ಉಳಿದವಕ್ಕೂ ಅಷ್ಟೇ ವಯಸ್ಸಾಗಿರುತ್ತದಲ್ವಾ, ಎಲ್ಲಾ ಪಟ್ಟಿ ಹೊಸದೇ ಹಾಕಿಸಿ. ನಮಗೆ ಕೂಲಿ ಸೇರಿ 2,800 ಆಯಿತು. ಇದಕ್ಕೆ ಪ್ಯಾನೆಲನ್ನು ಪೂರ್ತಿ ಎತ್ತಿ ತೆಗೆಯಬೇಕು, ಸ್ವಲ್ಪ ಬಾಗಿದರೂ ಒಡೆಯುತ್ತದೆ, ಹಾಗಾದರೆ ಯಾರು ಹೊಣೆ ಅಂತ ಮೊದಲೇ ಮಾತಾಡಿಕೊಳ್ಳಿ. ಆಮೇಲೆ ಸೆಟ್ಟಿಂಗ್‌ನಲ್ಲಿ ಬ್ಯಾಕ್‌ಲೈಟ್ ಕಡಿಮೆ ಮಾಡಿ ಇಟ್ಟೆವು. ಪೂರ್ತಿ ಏರಿಸಿಟ್ಟರೆ ಬಿಸಿಗೆ ಪಟ್ಟಿಗಳು ಬೇಗ ಹೋಗುತ್ತವೆ. ನಂತರ ವರ್ಷಗಟ್ಟಲೆ ಒಂದು ತೊಂದರೆಯೂ ಇಲ್ಲದೆ ಓಡಿತು.

2025ರ ಕೊನೆಯಲ್ಲಿ ತಮ್ಮನ ಮಗ ಎಸೆದ ಚೆಂಡು ನೇರ ಪರದೆಗೆ ಬಡಿಯಿತು. ಬಲಗಡೆ ಜೇಡರ ಬಲೆಯಂಥ ಬಿರುಕು, ಸುತ್ತ ಶಾಯಿ ಚೆಲ್ಲಿದಂಥ ಕಪ್ಪು, ಮೇಲಿಂದ ಕೆಳಗೆ ಬಣ್ಣದ ಗೆರೆ. ಮೊಬೈಲ್ ಥರ ಮೇಲಿನ ಗಾಜು ಮಾತ್ರ ಹಾಕಿಸಬಹುದಲ್ವಾ ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ಆಗುವುದಿಲ್ಲ. ಇಂಥ ಟಿವಿಯಲ್ಲಿ ಮೇಲೆ ಬೇರೆ ಗಾಜೇ ಇಲ್ಲ, ಒಡೆದಿರುವುದು ಚಿತ್ರ ಮೂಡಿಸುವ ಪ್ಯಾನೆಲ್ಲೇ. ಪೇಸ್ಟ್ ಹಚ್ಚಿ, ಅಂಟು ತುಂಬಿ ಅಂತ ತೋರಿಸುವ ವಿಡಿಯೋಗಳನ್ನು ದಯವಿಟ್ಟು ನಂಬಬೇಡಿ. ಈ ಪ್ಯಾನೆಲ್‌ಗಳು ಬಹುಪಾಲು ಹೊರದೇಶದಿಂದ ಬರಬೇಕು, ಟಿವಿ ಬೆಲೆಯಲ್ಲಿ ದೊಡ್ಡ ಪಾಲು ಅದರದೇ. ನಮಗೆ ಹೇಳಿದ್ದು 17,000. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡ್ ಕಡೆ ವಿಚಾರಿಸಿದಾಗ ಹಳೆ ಟಿವಿಯಿಂದ ತೆಗೆದ ಪ್ಯಾನೆಲ್ ಇನ್ನೂ ಕಡಿಮೆಗೆ ಸಿಗುತ್ತೆ ಅಂದರು, ಆದರೆ ಎಷ್ಟು ಓಡಿದೆಯೋ ಗೊತ್ತಿಲ್ಲದ ಮಾಲಿಗೆ ಅಷ್ಟು ದುಡ್ಡು ಹಾಕಲು ನನಗೆ ಮನಸ್ಸು ಬರಲಿಲ್ಲ. ಅದೂ ಅಲ್ಲದೆ 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. 24,000ಕ್ಕೆ ಹೊಸ 43 ಇಂಚು ಬಂತು. ಹೊಸದರ ಅರ್ಧ ಬೆಲೆ ದಾಟಿದ ರಿಪೇರಿಗೆ ನಾನಂತೂ ಕೈ ಹಾಕುವುದಿಲ್ಲ.

ಗಾಜು ಒಡೆಯದೆ ಬರೀ ಚಿತ್ರ ಕೆಟ್ಟಿದ್ದರೆ ಲೆಕ್ಕ ಬೇರೆ. ಚಿತ್ರ ಪೂರ್ತಿ ಬಿಳಿಚಿಕೊಂಡಿದ್ದರೆ ಅಥವಾ ಅರ್ಧ ಭಾಗ ಹೋಗಿದ್ದರೆ ಟಿ-ಕಾನ್ ಬೋರ್ಡೋ (ಪ್ಯಾನೆಲ್‌ಗೆ ಚಿತ್ರದ ಸಿಗ್ನಲ್ ಕಳಿಸುವ ಬೋರ್ಡ್) ಅದರ ರಿಬ್ಬನ್ ಕೇಬಲ್ಲೋ ಕೆಟ್ಟಿರಬಹುದು, ಕಮ್ಮಿ ಖರ್ಚಿನ ಕೆಲಸ, ಮೊದಲು ಅದನ್ನೇ ನೋಡಿಸಿ. ಒಂದೇ ಜಾಗದಲ್ಲಿ ಉದ್ದ ಗೆರೆ ನಿಂತಿದ್ದರೆ ಸಾಮಾನ್ಯವಾಗಿ ಪ್ಯಾನೆಲ್ ಅಂಚಿಗೆ ಸಿಗ್ನಲ್ ತರುವ ಸಣ್ಣ ಪಟ್ಟಿಯ ಅಂಟು ಬಿಟ್ಟಿರುತ್ತದೆ. ಮೆಷಿನ್‌ನಲ್ಲಿ ಬಾಂಡಿಂಗ್, ಅಂದರೆ ಅದನ್ನು ಮತ್ತೆ ಅಂಟಿಸಿಕೊಡುವವರಿದ್ದಾರೆ, ಆದರೆ ಗೆರೆ ಮತ್ತೆ ಬರುವುದೂ ಉಂಟು. ಎಷ್ಟು ತಿಂಗಳ ಗ್ಯಾರಂಟಿ ಅಂತ ಬಿಲ್ ಮೇಲೆ ಬರೆಸಿಕೊಳ್ಳದೆ ದುಡ್ಡು ಕೊಡಬೇಡಿ.

ಒಡೆದ ಟಿವಿಯನ್ನು ಗುಜರಿಗೆ ಹಾಕುವ ಮುಂಚೆ ಮೆಕ್ಯಾನಿಕ್‌ಗಳನ್ನು ಕೇಳಿ. ಮೇನ್ ಬೋರ್ಡ್, ಪವರ್ ಬೋರ್ಡ್, ಸ್ಪೀಕರ್, ಬ್ಯಾಕ್‌ಲೈಟ್ ಪಟ್ಟಿ ಎಲ್ಲವೂ ಅದೇ ಮಾಡೆಲ್‌ನ ಇನ್ನೊಂದು ಟಿವಿಗೆ ಬೇಕಾಗುತ್ತವೆ. ಗುಜರಿಯವರು 300 ಅಂದಿದ್ದನ್ನು ಅದೇ ಮೆಕ್ಯಾನಿಕ್ 2,000ಕ್ಕೆ ತಗೊಂಡು ಹೋದರು.