ಹೊನ್ನಾವರದ ಬಾಡಿಗೆ ದೋಣಿ: ಭರತದ ಹೊತ್ತು ಕೇಳಿಕೊಂಡು ಹತ್ತಿ

ಹೊನ್ನಾವರದ ಶರಾವತಿ ದಂಡೆಯಿಂದ ಹೊರಡುವ ಈ ಖಾಸಗಿ ದೋಣಿ ಸೇವೆಯಲ್ಲಿ ದೋಣಿಯೂ ಚೆನ್ನಾಗಿದೆ, ನಡೆಸುವವರ ಕೈಯೂ ಪಳಗಿದೆ. ಎಡವಟ್ಟು ಇರುವುದು ಬುಕಿಂಗ್‌ನಲ್ಲಿ. ದಿನಾ ಬೆಳಿಗ್ಗೆ 10, ಮಧ್ಯಾಹ್ನ 3 ಎಂದು ಒಂದೇ ಹೊತ್ತು ಕೊಡುತ್ತಾರೆ. ಭರತವೋ, ಅಂದರೆ ಕಡಲ ನೀರು ಹೊಳೆಗೆ ಏರಿ ಬರುವ ಹೊತ್ತು, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಈ ವಾರ 10 ಗಂಟೆಗೆ ತುಂಬಿದ್ದ ಕಾಂಡ್ಲಾ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ) ಕಾಲುವೆಯಲ್ಲಿ ಮುಂದಿನ ವಾರ ಅದೇ ಹೊತ್ತಿಗೆ ಕೆಸರು, ಬೇರು ಅಷ್ಟೇ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಇನ್ನೂ ಕೆಳಗಿಳಿಯುತ್ತದೆ.

ಹಾಗಾಗಿ ಅಂದಿನ ಭರತದ ಹೊತ್ತು ಕೇಳಿ, ಪೂರ್ತಿ ತುಂಬುವ ಎರಡು ತಾಸು ಮೊದಲು ಹೊರಡಿ. ಏರುವ ನೀರೇ ದೋಣಿಯನ್ನು ಹೊಳೆಯ ಮೇಲ್ಗಡೆಗೆ, ಗೇರುಸೊಪ್ಪೆ ದಿಕ್ಕಿಗೆ ತಳ್ಳುತ್ತದೆ. ನೀರು ತುಂಬಿದಾಗ ಕಾಂಡ್ಲಾದೊಳಗೆ ಹೊಕ್ಕು, ಇಳಿಯತೊಡಗಿದ ಕೂಡಲೇ ತಿರುಗಿ. ಮಧ್ಯಾಹ್ನದ ಮೇಲಾದರೆ ಪಡುವಣ ಗಾಳಿಗೆ ಇಳಿತದ ಸೆಳೆತ ಎದುರಾಗಿ ಸೇತುವೆ ಬಳಿ ಮೋಟು ಅಲೆ ಏಳುತ್ತದೆ. ಕೊಂಕಣ ರೈಲಿನ ಸೇತುವೆಯೇ 2 ಕಿಲೋಮೀಟರ್‌ಗಿಂತ ಉದ್ದ. ಹೊಳೆ ಅಲ್ಲಿ ಅಷ್ಟು ಅಗಲ. ಮೊಬೈಲ್ ಪ್ಲಾಸ್ಟಿಕ್‌ನಲ್ಲಿ ಕಟ್ಟಿಡಿ.

ಇಂಜಿನ್ 9.9 ಅಶ್ವಶಕ್ತಿಯ ಟೂ ಸ್ಟ್ರೋಕ್, ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್. ಹತ್ತಿದ ಮೇಲೆ ಇಂಜಿನ್ ಹಿಂಬದಿಯ ಸಣ್ಣ ತೂತು ನೋಡಿ: ಇಂಜಿನ್ ತಣಿಸಿದ ನೀರು ಪೆನ್ಸಿಲ್ ದಪ್ಪಕ್ಕೆ ಬಿಡದೆ ಚಿಮ್ಮುತ್ತಿರಬೇಕು. ಧಾರೆ ಸಣ್ಣಗಾದರೆ ನೀರು ಎಳೆಯುವ ಜಾಲರಿಗೆ ಕೆಸರೋ ಪ್ಲಾಸ್ಟಿಕ್ಕೋ ಕಟ್ಟಿಕೊಂಡಿದೆ ಎಂದರ್ಥ. ಹಾಗೇ ಓಡಿಸಿದರೆ ಪಂಪಿನಲ್ಲಿ ನೀರು ತಳ್ಳುವ ರಬ್ಬರ್ ಚಕ್ರ (ಇಂಪೆಲ್ಲರ್) ಸುಟ್ಟು, ಇಂಜಿನ್ ಕಾದು ಹಿಡಿದುಕೊಳ್ಳುತ್ತದೆ. ಇಲ್ಲಿನವರು ಕಾಲುವೆಯ ಬಾಯಲ್ಲೇ ಇಂಜಿನ್ ನಿಲ್ಲಿಸಿ ಮೇಲೆತ್ತಿ, ಬಿದಿರು ಗಳದಿಂದ ಒಳಗೆ ನೂಕುತ್ತಾರೆ. ಬಹಳ ಒಳ್ಳೆಯ ಪದ್ಧತಿ. ಫ್ಯಾನಿಗೆ ಬೇರು, ಬಲೆ ಸುತ್ತುವುದಿಲ್ಲ, ಸದ್ದಿಲ್ಲದ್ದರಿಂದ ಮಿಂಚುಳ್ಳಿಯೂ ಕೂತಲ್ಲೇ ಕೂತಿರುತ್ತದೆ.

ಲೈಫ್ ಜಾಕೆಟ್ ವಿಷಯದಲ್ಲಿ ಮಾತ್ರ ರಿಯಾಯಿತಿ ಕೊಡಲಾಗದು. ಇರುವುದೆಲ್ಲ ದೊಡ್ಡವರ ಅಳತೆ. ಬಕಲ್ ಬಿಗಿದ ಮೇಲೆ ಮಗುವಿನ ಜಾಕೆಟ್ಟನ್ನು ಭುಜದ ಬಳಿ ಹಿಡಿದೆತ್ತಿ. ಕಿವಿಯವರೆಗೆ ಏರಿದರೆ ನೀರಿನಲ್ಲಿ ಅದು ತಲೆಯಿಂದಲೇ ಕಳಚುತ್ತದೆ. ಮಕ್ಕಳಿದ್ದರೆ ಅಳತೆಯ ಜಾಕೆಟ್ ನೀವೇ ಒಯ್ಯಿರಿ.

ಹೊಳೆ ಕಡಲು ಸೇರುವ ಅಳಿವೆಯ ಬಾಯಿಗೆ ಕರೆದರೆ ಇವರು ಬರುವುದಿಲ್ಲ, ಒತ್ತಾಯಿಸಬೇಡಿ. ಅಲ್ಲಿ ಮರಳುದಿಬ್ಬ ಜಾಗ ಬದಲಿಸುತ್ತಿರುತ್ತದೆ. ಇಳಿತದ ಹೊತ್ತಿಗೆ ಅದರ ಮೇಲೆ ಒಡೆಯುವ ಅಲೆ ಇಂಥ ಸಣ್ಣ ದೋಣಿಯನ್ನು ಮಗುಚಬಲ್ಲದು.